ರಾಜನ ತೂಕದಲ್ಲಿ ನನ್ನ ಪಾಲು

ಹೆಂಗಸರ ವಯಸ್ಸು ಕೇಳಬಾರದು ಎನ್ನುತ್ತಾರೆ. ನನ್ನದನ್ನು ಯಾರು ಬೇಕಾದರೂ ಕೇಳಬಹುದು, ಎಪ್ಪತ್ತೊಂದು. ವಯಸ್ಸಿನಲ್ಲಿ ಒಂದು ಅನುಕೂಲವಿದೆ: ಅದು ಏರಿದ್ದಕ್ಕೆ ಕ್ಯಾಲೆಂಡರು ಜವಾಬ್ದಾರಿ, ನಾನಲ್ಲ. ತೂಕ ಹಾಗಲ್ಲ. ಅದು ಏರಿದರೆ ಎಲ್ಲರೂ ನನ್ನ ತಟ್ಟೆಯ ಕಡೆ ನೋಡುತ್ತಾರೆ. ಹಾಗಾಗಿ ನನ್ನ ತೂಕವನ್ನು ನಾನು ಬಹಳ ಹಿಂದೆಯೇ ಫಿಕ್ಸ್ ಮಾಡಿಬಿಟ್ಟಿದ್ದೇನೆ, ಐವತ್ತೆಂಟು ಕೆಜಿ ಅಂತ. ಪೂರ್ತಿ ಸುಳ್ಳೇನೂ ಅಲ್ಲ. ಮದುವೆಯಾದ ಹೊಸದರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ, ಬಣ್ಣಬಣ್ಣದ ಬಲ್ಬು ಮಿನುಗಿಸುವ ತೂಕದ ಮೆಷಿನ್ ಮೇಲೆ ನಮ್ಮವರು ನನ್ನನ್ನು ಹತ್ತಿಸಿ ನಾಣ್ಯ ಹಾಕಿದ್ದರು. ಟಕ್ ಎಂದು ಒಂದು ಪುಟ್ಟ ರಟ್ಟಿನ ಟಿಕೆಟ್ ಬಿತ್ತು. ಒಂದು ಬದಿಯಲ್ಲಿ ಐವತ್ತೆಂಟು. ಇನ್ನೊಂದು ಬದಿಯಲ್ಲಿ ಭವಿಷ್ಯ, 'ನಿಮ್ಮ ಮಾತಿಗೆ ಎಲ್ಲರೂ ಬೆಲೆ ಕೊಡುತ್ತಾರೆ.' ಆ ಟಿಕೆಟನ್ನು ನಮ್ಮವರು ಕೊನೆಯವರೆಗೂ ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಈಗ ಪರ್ಸು ನನ್ನ ಬೀರುವಿನಲ್ಲಿದೆ. ಬೇರೆ ಅಂಕಿ ಹೇಳಿದರೆ ಅವರಿಗೇ ಅವಮಾನ ಮಾಡಿದಂತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಮನೆ ಬಿಟ್ಟು ವರ್ಷಗಳಾದರೂ ಹಳೇ ಅಡ್ರೆಸ್ಸನ್ನೇ ಕೊಡುವವರಿಲ್ಲವೇ, ಹಾಗೆ.

ಈ ಐವತ್ತೆಂಟರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ನಾನು ನಾಯಿಗಳ ಸಹವಾಸಕ್ಕೆ ಬೀಳುವವರೆಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನನ್ನ ಬಾಡಿಗೆ ಮನೆಯ ಕೆಳಗೇ ಒಂದು ಪೆಟ್ ಕ್ಲಿನಿಕ್ಕು. ನಡೆಸುವವಳು ಸಹನಾ ಅಂತ, ಚಿಕ್ಕ ವಯಸ್ಸಿನ ಡಾಕ್ಟರ್. ನಾನು ಮೂವತ್ತು ಚಿಲ್ಲರೆ ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದೆ ಅಂತ ಗೊತ್ತಾದ ದಿನವೇ ಅವಳು ಮೆಟ್ಟಿಲು ಹತ್ತಿ ಬಂದಳು. "ಆಂಟಿ, ಮೇಲೆ ಕೂತು ಸೀರಿಯಲ್ ನೋಡೋ ಬದ್ಲು ಕೆಳಗೆ ಬಂದು ನನ್ನ ಅನಸ್ತೀಸಿಯಾ ಮೆಷಿನ್ ನೋಡ್ಕೊಳ್ಳಿ. ಅದೂ ಹಾಗೇ, ದಿನಾ ಏನಾದ್ರೂ ಒಂದು ಟ್ವಿಸ್ಟ್ ಕೊಡುತ್ತೆ" ಅಂದಳು. ನಾನು ಕಾನ್ವೆಂಟಿನಲ್ಲಿ ಓದಿದವಳು. ಯಾರಾದರೂ ನೈಸಾಗಿ ಕೇಳಿದರೆ 'ನೋ' ಅನ್ನುವುದನ್ನು ನಮಗೆ ಹೇಳಿಕೊಟ್ಟಿಲ್ಲ.

ಮನುಷ್ಯರ ಥಿಯೇಟರಿನಲ್ಲಿ ಕೆಲಸ ಮಾಡಿದವರಿಗೆ ಪ್ರಾಣಿಗಳ ಥಿಯೇಟರು ಒಂದು ಶಾಕ್. ಮನುಷ್ಯರು ದಪ್ಪ ಸಣ್ಣ ಅಂತ ಎಷ್ಟೇ ಕೊರಗಿದರೂ ಹೆಚ್ಚುಕಡಿಮೆ ಒಂದೇ ಅಳತೆಯವರು. ಇಲ್ಲಿ ಬೆಳಿಗ್ಗೆ ಮೂರು ಕೆಜಿ ಬೆಕ್ಕು ಬಂದರೆ, ಮಧ್ಯಾಹ್ನ ನಮ್ಮ ಮನೆ ಓನರಿನಷ್ಟೇ ಗಾತ್ರದ, ಹೆಚ್ಚುಕಡಿಮೆ ಅವರದೇ ಮುಖಭಾವದ ಗ್ರೇಟ್ ಡೇನ್ ಬರುತ್ತದೆ. ಎರಡಕ್ಕೂ ಒಂದೇ ಪೈಪು ಹಾಕಲಾಗದು. ದೊಡ್ಡ ನಾಯಿಗಾದರೆ ಎರಡು ದಪ್ಪ ಪೈಪು, ದೊಡ್ಡ ರಬ್ಬರ್ ಬ್ಯಾಗು. ಅದು ಬಿಟ್ಟ ಉಸಿರು ಒಂದು ಡಬ್ಬಿಯ ಬಿಳಿ ಹರಳುಗಳ ಮಧ್ಯೆ ಹಾದು ಶುದ್ಧವಾಗಿ ಮತ್ತೆ ಅದಕ್ಕೇ ಬರುತ್ತದೆ. ಸಣ್ಣ ಪ್ರಾಣಿಗೆ ಅಷ್ಟು ದೂರ ಉಸಿರು ತಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಹಸುಗೂಸಿಗೆ ಗಾರ್ಡನ್ ಪೈಪಿನಲ್ಲಿ ಎಳನೀರು ಕುಡಿಸಿದ ಹಾಗಾಗುತ್ತದೆ. ಅದಕ್ಕೆ ಟೀ-ಪೀಸ್ ಅಂತ ಒಂದು ಹಗುರವಾದ ಪುಟ್ಟ ಪೈಪು, ಮುಷ್ಟಿಗಾತ್ರದ ಬ್ಯಾಗು. ಗಂಟಲಿಗೆ ಇಳಿಸುವ ಟ್ಯೂಬಿನಿಂದ ಹಿಡಿದು ಚುಚ್ಚುವ ಔಷಧಿಯವರೆಗೆ ಎಲ್ಲದಕ್ಕೂ ಮೊದಲ ಪ್ರಶ್ನೆ ಒಂದೇ, ಪೇಷೆಂಟ್ ಎಷ್ಟು ಕೆಜಿ?

ಪೈಪು ಜೋಡಿಸಿದ ಮೇಲೆ ಸೋರುತ್ತದೆಯೇ ನೋಡಬೇಕು. ವಾಲ್ವ್ ಮುಚ್ಚಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಬ್ಯಾಗಿಗೆ ಆಕ್ಸಿಜನ್ ತುಂಬಿಸಿ, ಮೆಲ್ಲಗೆ ಹಿಂಡಿ ಕಿವಿಗೊಡುತ್ತೇನೆ. ನಮ್ಮ ಕಾನ್ವೆಂಟಿನ ಹಾಡಿನ ಕ್ಲಾಸಿನಲ್ಲಿ ಸಿಸ್ಟರ್ ನಮ್ಮ ಹೊಟ್ಟೆಗೆ ಸ್ಕೇಲು ಚುಚ್ಚಿ "ಹೋಲ್ಡ್ ಇಟ್, ಗರ್ಲ್ಸ್" ಅನ್ನುತ್ತಿದ್ದರು. ನಾನೂ ಬ್ಯಾಗಿಗೆ ಅದನ್ನೇ ಹೇಳುತ್ತೇನೆ. ನಮಗಿಂತ ಅದು ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ವಾಲ್ವನ್ನು ಮರೆಯದೆ ತೆರೆಯಬೇಕು, ಮರೆತರೆ ಪ್ರಾಣಿಯ ಎದೆ ಬಲೂನಿನಂತೆ ಉಬ್ಬಿ ಪ್ರಾಣಕ್ಕೇ ಕುತ್ತು ಬರುತ್ತದೆ. ಅದಕ್ಕೇ ವಾಲ್ವಿಗೆ ಒಂದು ಕೆಂಪು ಹೇರ್ ರಿಬ್ಬನ್ ಕಟ್ಟಿದ್ದೇನೆ. ಮುಚ್ಚಿದಾಗ ಕಟ್ಟು, ತೆರೆದಾಗ ಬಿಚ್ಚು. ರಿಬ್ಬನ್ ಇರುವ ಮೆಷಿನ್ನಿನ ಹತ್ತಿರ ಪೇಷೆಂಟನ್ನು ತರಕೂಡದು.

ಇಷ್ಟು ಶಿಸ್ತಿನ ಹೆಂಗಸು ಜಾರಿದ್ದು ಒಂದು ಸೋಮವಾರ. ಹಿಂದಿನ ದಿನ ಒಂದು ಲ್ಯಾಬ್ರಡಾರು ನಾಯಿಗಳ ತೂಕದ ಮೆಷಿನ್ ಮೇಲೆ ನಿಂತು ಮನಸಾರೆ ಉಚ್ಚೆ ಹೊಯ್ದು, ಮೆಷಿನ್ ಪ್ರಾಣ ಬಿಟ್ಟಿತ್ತು. ಆ ಬೆಳಿಗ್ಗೆಯೇ ಚಂದಾಪುರದಿಂದ ಮುನಿರತ್ನಮ್ಮ ತಮ್ಮ ಪೊಮೆರೇನಿಯನ್ ರಾಜನನ್ನು ಎತ್ತಿಕೊಂಡು ಬಂದರು. ಹೊಲವಿದ್ದ ಜಾಗದಲ್ಲಿ ಮೂರು ಪೀಜಿ ಕಟ್ಟಿಸಿರುವ ಹೆಂಗಸು. ಪೀಜಿಯ ಹುಡುಗರೆಲ್ಲ ಹೆದರುವುದು ಅವರಿಗೆ, ಅವರು ಹೆದರುವುದು ರಾಜನಿಗೆ. ರಾಜನ ಹೊಟ್ಟೆಯ ಮೇಲೊಂದು ಗಂಟು ತೆಗೆಯಬೇಕಿತ್ತು. ಬಿಳಿ ಹತ್ತಿಯ ದಿಂಬಿಗೆ ಕಣ್ಣು ಮೂಗು ಅಂಟಿಸಿದ ಹಾಗಿದ್ದ.

ನಮ್ಮ ಬಸವರಾಜ, ಬಾಗಲಕೋಟೆ ಕಡೆಯವನು, ಮೊದಲು ಗಾರೆ ಕೆಲಸ ಮಾಡುತ್ತಿದ್ದು ಈಗ ಕ್ಲಿನಿಕ್ಕಿನಲ್ಲಿ ನಾಯಿಗಳ ಉಗುರು ಕತ್ತರಿಸುವವನು, ಮನುಷ್ಯರು ತೂಗಿಕೊಳ್ಳುವ ಒಂದು ಸ್ಕೇಲನ್ನು ಪಕ್ಕದ ಮೆಡಿಕಲ್ ಶಾಪಿನಿಂದ ತಂದ. ಅದರ ಮೇಲೆ ರಾಜ ಒಂದು ಕ್ಷಣವೂ ನಿಲ್ಲಲಿಲ್ಲ. ಯಾರಾದರೂ ಎತ್ತಿಕೊಂಡು ನಿಲ್ಲಬೇಕು. ಸಹನಾಳಿಗೆ ಏಳು ತಿಂಗಳು, ಭಾರ ಎತ್ತುವಂತಿಲ್ಲ. ಬಸವರಾಜನನ್ನು ಕಂಡರೆ ಉಗುರಿನ ನೆನಪಾಗಿ ರಾಜ ಹಲ್ಲು ತೋರಿಸುತ್ತಿದ್ದ. ಮುನಿರತ್ನಮ್ಮ ಮೊದಲೇ ಅಳುತ್ತಿದ್ದರು. ಉಳಿದವಳು ನಾನು.

"ಆಂಟಿ, ಮೊದ್ಲು ನೀವೊಬ್ರೇ ನಿಂತ್ಕೊಳ್ಳಿ. ಆಮೇಲೆ ರಾಜನ ಜೊತೆ. ಮೈನಸ್ ಮಾಡೋಣ" ಅಂದಳು ಸಹನಾ.

"ನಾನೊಬ್ಬಳೇ ಯಾಕೆ? ಐವತ್ತೆಂಟು ಅಂತ ಗೊತ್ತೇ ಇದೆಯಲ್ಲ. ವೇಸ್ಟ್ ಆಫ್ ಟೈಮ್" ಅಂದೆ. ಇಷ್ಟು ವರ್ಷದ ಅಭ್ಯಾಸ ನೋಡಿ, ಐವತ್ತೆಂಟು ಅಂದಾಗ ನನ್ನ ದನಿ ಒಂದಿಷ್ಟೂ ನಡುಗುವುದಿಲ್ಲ. ರಾಜನನ್ನು ಎತ್ತಿಕೊಂಡು ಗಂಭೀರವಾಗಿ ಸ್ಕೇಲು ಹತ್ತಿದೆ. ಬಸವರಾಜ ಬಗ್ಗಿ ನೋಡಿ, "ಅರವತ್ತೊಂಬತ್ತ್ರಿ" ಅಂದ. ಸಹನಾ ಬೋರ್ಡಿನ ಮೇಲೆ ಬರೆದಳು: ರಾಜ, ಹನ್ನೊಂದು ಕೆಜಿ.

"ಅನ್ನೊಂದಾ?" ಮುನಿರತ್ನಮ್ಮನ ಅಳು ನಿಂತಿತು. "ನಮ್ ರಾಜ ಏನ್ ತಿಂತಾನೆ ಕಣಮ್ಮ, ಎಲ್ಲಾ ಬರೀ ಕೂದ್ಲು." ಆದರೂ ಮುಖದಲ್ಲಿ ಒಂದು ಹೆಮ್ಮೆ ಬಂತು. ಆಚೆ ಹೋಗಿ ಯಾರಿಗೋ ಫೋನು ಹಚ್ಚಿ, "ಅನ್ನೊಂದು ಕೆಜಿ ಅವ್ನಂತೆ, ಮನೇಗ್ ಬಂದ್ಮೇಲೆ ದೃಷ್ಟಿ ತೆಗೀಬೇಕು" ಅನ್ನುವುದು ಕೇಳಿಸಿತು.

ನಾನು ಥಿಯೇಟರಿಗೆ ಹೋಗಿ ಹನ್ನೊಂದು ಕೆಜಿಗೆ ತಕ್ಕಂತೆ ದಪ್ಪ ಪೈಪು, ದೊಡ್ಡ ಬ್ಯಾಗು ಜೋಡಿಸಿದೆ. ಹೆಬ್ಬೆರಳು ಒತ್ತಿದೆ, ಹೋಲ್ಡ್ ಇಟ್ ಅಂದೆ, ರಿಬ್ಬನ್ ಬಿಚ್ಚಿದೆ. ಗಂಟಲಿನ ಟ್ಯೂಬನ್ನು ಕೈಗೆ ತೆಗೆದುಕೊಂಡಾಗ ಮಾತ್ರ ಕೈ ನಿಂತುಬಿಟ್ಟಿತು. ಅದು ನನ್ನ ಕಿರುಬೆರಳಿನಷ್ಟು ದಪ್ಪವಿತ್ತು. ಈಗಷ್ಟೇ ಎದೆಗೊತ್ತಿಕೊಂಡಿದ್ದ ರಾಜನ ಮೂಗಿನ ಹೊಳ್ಳೆ ಒಂದು ಕಡಲೆಬೇಳೆಯಷ್ಟಿತ್ತು. ನನ್ನ ತೋಳುಗಳಿಗೂ ಗೊತ್ತಿತ್ತು, ಅದು ಹನ್ನೊಂದು ಕೆಜಿ ಅಲ್ಲ, ಕೂದಲು ಹೊದ್ದ ಒಂದು ಕೂಸು. ಹಾಗಾದರೆ ಬೋರ್ಡಿನ ಮೇಲಿನ ಉಳಿದ ಕೆಜಿಗಳು ಯಾರವು? ಓದುಗರು ಆತುರಪಡಬಾರದು. ನನಗೆ ಆಗಲೇ ಗೊತ್ತಾಗಿತ್ತು.

ಗಾಜಿನ ಆಚೆ ಸಹನಾ ಬೋರ್ಡು ನೋಡಿ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಳು. ಹನ್ನೊಂದು ಕೆಜಿಯ ಡೋಸು ಆ ಕೂಸಿಗೆ ಹೋದರೆ ಏಳುವುದೇ ಅನುಮಾನ. ಮಾನ ದೊಡ್ಡದೋ ರಾಜ ದೊಡ್ಡವನೋ? ರಾಜನೇ ದೊಡ್ಡವನು, ಅದರಲ್ಲಿ ಸಂಶಯವಿಲ್ಲ. ಆದರೆ ಎರಡೂ ಉಳಿಯುವ ದಾರಿ ಇದ್ದರೆ ನೋಡುವುದರಲ್ಲಿ ತಪ್ಪೇನು?

"ಸಹನಾ, ಸ್ಟಾಪ್. ಆ ಸ್ಕೇಲೇ ಸರಿಯಿಲ್ಲ. ಔಷಧಿ ಕೊಡಬೇಡ" ಅಂತ ಬಾಗಿಲು ತೆರೆದು ಕೂಗಿದೆ. ಸಿರಿಂಜು ನಿಂತಿತು, ನನ್ನ ಜೀವಕ್ಕೆ ಜೀವ ಬಂತು. ಆದರೆ ಬಸವರಾಜ ಸೀಲು ಒಡೆಯದ ಹತ್ತು ಕೆಜಿ ನಾಯಿ ಊಟದ ಚೀಲ ತಂದು ಸ್ಕೇಲಿನ ಮೇಲೆ ಇಟ್ಟ. "ಹತ್ತ ತೋರಸಾಕತ್ತೈತ್ರಿ. ಸ್ಕೇಲ್ ಛಲೋ ಐತಿ."

"ರಾಜ ಒದ್ದಾಡುತ್ತಿದ್ದ" ಅಂದೆ.

"ಇಲ್ರೀ ಮೇಡಂ, ನಿಮ್ಮ ಹೆಗಲಿಗೆ ಒರಗಿ ಮಲಗಿತ್ತಲ್ರಿ."

ಆಗ ಮೂಲೆಯಲ್ಲಿದ್ದ ಬೆಕ್ಕು ಒಯ್ಯುವ ಪ್ಲಾಸ್ಟಿಕ್ ಬುಟ್ಟಿ ಕಂಡಿತು. ದೇವರೇ ಕಳಿಸಿದ ಬುಟ್ಟಿ. "ಯಾರೂ ಎತ್ತಿಕೊಳ್ಳೋದು ಬೇಡ. ರಾಜನನ್ನು ಬುಟ್ಟಿಯಲ್ಲಿ ಹಾಕಿ ತೂಗಿದರೆ ಆಯಿತಲ್ಲ" ಅಂದೆ.

"ಬುಟ್ಟಿ ಎಷ್ಟಿದೆಯೋ ಗೊತ್ತಿಲ್ಲವಲ್ಲ ಆಂಟಿ."

"ಅದಕ್ಕೇನಂತೆ, ಮೊದಲು ಖಾಲಿ ಬುಟ್ಟಿ ತೂಗಿ, ಆಮೇಲೆ ರಾಜನ ಜೊತೆ ತೂಗಿ ಕಳೆದರೆ ಆಯಿತು. ಸಿಂಪಲ್."

ಸಹನಾ ನನ್ನನ್ನು ನೋಡಿದಳು, ಬೋರ್ಡನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಒಳ್ಳೇ ಐಡಿಯಾ ಆಂಟಿ. ಖಾಲಿ ಇದ್ದಾಗ ಒಂದ್ಸಲ ತೂಗ್ಬೇಕು ಅಲ್ವಾ" ಅಂದಳು, ಅಷ್ಟೇ. ಬಸವರಾಜ ಮೀಸೆ ಸವರಿಕೊಳ್ಳುವ ನೆಪದಲ್ಲಿ ಬಾಯಿ ಮುಚ್ಚಿಕೊಂಡ.

ಬುಟ್ಟಿ ಕಳೆದು ರಾಜ ಉಳಿದದ್ದು ಐದು ಕೆಜಿ. ಸಹನಾ ಬೋರ್ಡು ಒರೆಸಿ ಬೇರೆ ಅಂಕಿ ಬರೆದಳು, ಸಿರಿಂಜಿನದನ್ನು ಚೆಲ್ಲಿ ಬೇರೆ ಎಳೆದಳು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಗಿಲಲ್ಲಿ ಮುನಿರತ್ನಮ್ಮ ನಿಂತಿದ್ದರು. ಮೂರು ಪೀಜಿಗಳ ಬಾಡಿಗೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವ ಹೆಂಗಸು.

"ಅಂಗಾರೆ ಇನ್ನಾರು ಕೆಜಿ ಎಲ್ಲೋಯ್ತು?" ಅಂದರು.

ಬಸವರಾಜ ಆಕ್ಸಿಜನ್ ಸಿಲಿಂಡರನ್ನು ಇದೇ ಮೊದಲ ಸಲ ನೋಡುತ್ತಿರುವವನಂತೆ ನೋಡುತ್ತಿದ್ದ. ನಾನು ಬೆನ್ನು ತಿರುಗಿಸಿ ದಪ್ಪ ಪೈಪುಗಳನ್ನು ಬಿಚ್ಚತೊಡಗಿದೆ. ನನ್ನ ಬೆನ್ನೂ ಸಣ್ಣದಲ್ಲ ಎಂಬುದು ಆಮೇಲೆ ಹೊಳೆಯಿತು.

ಟೀ-ಪೀಸ್ ಜೋಡಿಸಿದೆ, ಸಣ್ಣ ಬ್ಯಾಗು ಸಿಕ್ಕಿಸಿದೆ, ಸಪೂರ ಟ್ಯೂಬು ಹುಡುಕಿ ಇಟ್ಟೆ. ಹೆಬ್ಬೆರಳು ಒತ್ತಿ ಹಿಂಡಿದಾಗ ಹೋಲ್ಡ್ ಇಟ್ ಅನ್ನಲು ನನಗೇ ಉಸಿರಿರಲಿಲ್ಲ. ರಾಜ ಮಲಗಿದ ಮೇಲೆ ಆ ಪುಟ್ಟ ಬ್ಯಾಗು ಗುಬ್ಬಿಯ ಎದೆಯ ಹಾಗೆ ಏರುತ್ತ ಇಳಿಯುತ್ತ ಇತ್ತು. ಗಂಟು ತೆಗೆದು ಹೊಲಿಗೆ ಹಾಕುವವರೆಗೂ ನಾನು ಅದರಿಂದ ಕಣ್ಣು ತೆಗೆಯಲಿಲ್ಲ. ಕಣ್ಣು ತೆಗೆದರೆ ಸಹನಾಳ ಕಣ್ಣಿಗೆ ಸಿಗಬೇಕಾಗಿತ್ತು ಎನ್ನುವುದೂ ನಿಜ. ಟ್ಯೂಬು ತೆಗೆದ ಸ್ವಲ್ಪ ಹೊತ್ತಿಗೆ ರಾಜ ತಲೆಯೆತ್ತಿ, ಮೊದಲು ಬಸವರಾಜನನ್ನು ನೋಡಿ ಹಲ್ಲು ತೋರಿಸಿದ. ಆಗ ನನಗೆ ಕಣ್ಣು ತುಂಬಿ ಬಂತು. ಮುನಿರತ್ನಮ್ಮ ಅವನನ್ನು ಸೆರಗಿನಲ್ಲಿ ಸುತ್ತಿ ಆಟೋ ಹತ್ತುವಾಗ ಮತ್ತೆ ಫೋನಿನಲ್ಲಿದ್ದರು. "ಊಂ ಕಣೇ, ಬಲೇ ಡಾಕ್ಟ್ರು. ಆಪರೇಸನ್‌ಗೂ ಮುಂಚೇನೆ ಆರು ಕೆಜಿ ಇಳಿಸ್ಬುಟ್ರು."

ಆ ವಾರವೇ ನಾಯಿಗಳಿಗೆ ಹೊಸ ತೂಕದ ಮೆಷಿನ್ ಬಂತು. ತಂದವನು ಬಿಚ್ಚಿಟ್ಟು ಸೈನ್ ಮಾಡಿ ಅಂದ. "ತಡೀಪಾ, ಚೆಕ್ ಮಾಡಿ ತಗೋತೀವಿ" ಅಂತ ಬಸವರಾಜ ನನ್ನ ಕಡೆ ತಿರುಗಿದ. ಮುಖದಲ್ಲಿ ಬಹಳ ವಿನಯ. "ಮೇಡಂ, ಒಮ್ಮೆ ಹತ್ರಿ. ಐವತ್ತೆಂಟ ತೋರಿಸ್ತಂದ್ರ ವಾಪಸ್ ಕಳಿಸಿ ಬಿಡೂಣು."

ಸಹನಾ ಒಳಗೆ ಯಾವುದೋ ಬೆಕ್ಕಿನ ಕಿವಿ ನೋಡುತ್ತಿದ್ದವಳು ಕೆಮ್ಮಿದಳು. ನಾನು ಚಪ್ಪಲಿ ಬಿಟ್ಟೆ, ಕನ್ನಡಕ ತೆಗೆದೆ, ಸೊಂಟದ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟೆ. ಕಾನ್ವೆಂಟಿನಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ ಹತ್ತಿ ನಿಂತೆ. ಕೆಂಪು ಅಂಕಿಗಳು ಓಡಿ ಓಡಿ ಒಂದು ಕಡೆ ನಿಂತವು. ಬಸವರಾಜ ನೋಡಿ, ಚಾವಣಿಯ ಕಡೆ ಮುಖ ಎತ್ತಿ, "ಮಷಿನ್ ಛಲೋ ಐತಿ, ಸೈನ್ ಮಾಡ್ರಿ" ಅಂದ.

ಮೇಲೆ ಬಂದು ಬೀರು ತೆಗೆದು ನಮ್ಮವರ ಪರ್ಸಿನಿಂದ ಆ ಟಿಕೆಟನ್ನು ತೆಗೆದು ನೋಡಿದೆ. ನಿಮ್ಮ ಮಾತಿಗೆ ಎಲ್ಲರೂ ಬೆಲೆ ಕೊಡುತ್ತಾರೆ. ಕೊಟ್ಟರಲ್ಲ, ನನ್ನ ಒಂದು ಮಾತನ್ನು ಇಟ್ಟುಕೊಂಡು ಹೊಸ ಮೆಷಿನ್ನನ್ನೇ ಪಾಸು ಮಾಡಿದರಲ್ಲ. ಓದುಗರಲ್ಲಿ ಕೆಲವರು ಈಗಾಗಲೇ ಅರವತ್ತೊಂಬತ್ತರಲ್ಲಿ ಐದು ಕಳೆದು ಕೂತಿರುತ್ತೀರಿ. ನನ್ನ ಅಭ್ಯಂತರವಿಲ್ಲ. ಆದರೆ ಆ ದಿನ ನನ್ನ ಸೊಂಟದಲ್ಲಿ ಬೀಗದ ಕೈ ಗೊಂಚಲಿತ್ತು, ಅದನ್ನೂ ಕಳೆಯಿರಿ.