ಅಕ್ಕನ ಕಾಲಿಗೆ ಯಾರ ಕಣ್ಣು?

ಮನೆಯಲ್ಲಿ ಏನೇ ಕೆಟ್ಟರೂ ನಮ್ಮವರಿಗೆ ಮೊದಲು ಬೇಕಾಗುವುದು ಔಷಧಿಯಲ್ಲ, ಒಂದು ಹೆಸರು. ಹಸು ಒದ್ದರೆ ಯಾರ ಕಣ್ಣು, ಮೊಸರು ಹೆಪ್ಪಾಗದಿದ್ದರೆ ಯಾರ ಕಣ್ಣು ಎಂದು ಅಮ್ಮ ಸೆರಗು ಸಿಕ್ಕಿಸಿಕೊಂಡು ವಿಚಾರಣೆಗೆ ನಿಲ್ಲುತ್ತಾಳೆ. ಹಾಗಿರುವಾಗ ಅಕ್ಕನ ಬಲಗಾಲು ಹೊಲಿಗೆ ಮೆಷಿನ್ನಿನ ಮೇಲೇ ಜೋಮು ಹಿಡಿದು, ಚಪ್ಪಲಿ ಜಾರಿಬಿದ್ದದ್ದೂ ಅವಳಿಗೆ ತಿಳಿಯದಂತಾದಾಗ ಅಮ್ಮ ಸುಮ್ಮನಿರುತ್ತಾಳೆಯೇ? ಹೆಸರು ಅವತ್ತೇ ಸಿಕ್ಕಿತು: ಪಕ್ಕದ ಮನೆಯ ಸುಬ್ಬಮ್ಮ. ಸ್ವಲ್ಪ ದಿನದ ಹಿಂದೆ ರವಿಕೆ ಅಳತೆ ಕೊಡಲು ಬಂದವಳು, "ಏಮಮ್ಮಾ, ನಿನ್ನ ಕಾಲು ಹಿಂದೂಪುರದ ಪ್ಯಾಸೆಂಜರ್ ರೈಲಿಗಿಂತ ಜೋರು" ಎಂದಿದ್ದಳು. ಪಾಪ, ಮೆಚ್ಚಿಯೇ ಅಂದದ್ದು. ಅಮ್ಮ ಅವಳ ಜೊತೆ ಮಾತು ಬಿಟ್ಟಳು, ಅಕ್ಕನಿಗೆ ಇದ್ದ ಒಬ್ಬಳೇ ಗೆಳತಿ ಗೋಡೆಯಾಚೆ ಉಳಿದಳು.

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಇದನ್ನು ಕೇಳದವರಿಗೂ ಹೇಳುತ್ತೇನೆ, ಈಗ ನಿಮಗೆ ಹೇಳಿದ ಹಾಗೆ. ಆದರೆ ಓದಿದ ತಲೆ ನನ್ನದು, ಮೆಷಿನ್ ತುಳಿದು ಫೀಸು ಕಟ್ಟಿದ ಕಾಲು ಅಕ್ಕನದು. ಆಸ್ಪತ್ರೆಯವರು ಅವಳಿಗೆ ಬಂದಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದಾಗ, ಆ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವ ಬೆಂಗಳೂರಿನ ಲ್ಯಾಬೊಂದನ್ನು ಹುಡುಕಿಕೊಂಡು ಹೋಗಿ ಸೇರಿದೆ. ದಿನಾ ಗೌರಿಬಿದನೂರಿನಿಂದ ರೈಲಲ್ಲಿ ಓಡಾಟ. ಮನೆಯವರಿಗೆ ಪಂಪ್‌ಸೆಟ್ಟಿನ ವೈರು ತೋರಿಸಿ ವಿವರಿಸಿದೆ: ನರಕ್ಕೂ ಹೀಗೇ ಮೇಲೊಂದು ಹೊದಿಕೆ ಇರುತ್ತೆ, ರೋಗದಿಂದ ನಮ್ಮನ್ನು ಕಾಯಬೇಕಾದ ರಕ್ಷಣಾ ಪಡೆಯೇ ತಲೆಕೆಟ್ಟು ಆ ಹೊದಿಕೆಯನ್ನು ಸುಲಿಯುತ್ತೆ. ಆ ಪಡೆ ಏನನ್ನು ಗುರಿಯಿಟ್ಟು ನುಗ್ಗುತ್ತೆ ಎನ್ನುವುದು ಸಿಕ್ಕರೆ, ಅಷ್ಟನ್ನೇ ತಡೆಯುವ ಔಷಧಿಗೆ ದಾರಿಯಾದೀತು. ಅಕ್ಕ ಎಲ್ಲ ಕೇಳಿ, "ನನ್ನಲ್ಲಿ ಏನು ಕಂಡು ಅದಕ್ಕೆ ಕೋಪ ಬಂತು, ಅಷ್ಟು ಹೇಳು ಸಾಕು" ಎಂದಳು.

ಅಮ್ಮ ತನ್ನ ದಾರಿ ಬಿಡಲಿಲ್ಲ. ಅಮಾವಾಸ್ಯೆ ಬಂದರೆ ಅಕ್ಕನನ್ನು ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ, ಊರವರ ಕಣ್ಣು, ಕೇರಿಯವರ ಕಣ್ಣು, ಪಕ್ಕದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಒಂದೊಂದಾಗಿ ಕರೆದು ಒಲೆಗೆ ಹಾಕುವಳು. ಘಾಟು ಬರದಿದ್ದರೆ ದೃಷ್ಟಿ ಆಗಿತ್ತೆಂದೇ ಅರ್ಥ. ಒಂದು ಸಲ ನಾನು ಎಂ.ಎಸ್ಸಿ. ಗತ್ತಿನಲ್ಲಿ, ನಿವಾಳಿಸದ ಮೆಣಸಿನಕಾಯನ್ನೂ ಸುಟ್ಟು ಹೋಲಿಸಬೇಕು, ಅದಕ್ಕೆ ಕಂಟ್ರೋಲ್ ಅಂತಾರೆ ಎಂದೆ. ನಿವಾಳಿಸಿದ್ದು ಘಾಟಿಲ್ಲದೆ ಉರಿದಿತ್ತು, ಅಮ್ಮ ನಿವಾಳಿಸದ್ದನ್ನೂ ಸುಟ್ಟಳು. ನಾವೆಲ್ಲ ಕೆಮ್ಮುತ್ತಾ ಬೀದಿಗೆ ಓಡಿದೆವು. ಗೋಡೆಯಾಚೆ ಸುಬ್ಬಮ್ಮನೂ ಕೆಮ್ಮಿದಳು. ಅಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ.

ಲ್ಯಾಬಿನಲ್ಲಿ ನಾವು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ. ಪಡ್ಡಿನ ಕಾವಲಿಯಂಥ ಪುಟ್ಟ ತಟ್ಟೆ, ಗುಳಿಗೊಂದು ಪ್ರೋಟೀನು. ರೋಗಿಯ ರಕ್ತದ ತಿಳಿಯನ್ನು ಎಲ್ಲಕ್ಕೂ ಹಾಕಬೇಕು. ರಕ್ತ ಯಾವುದರ ಮೇಲೆ ಮುನಿದಿದೆಯೋ ಆ ಗುಳಿ ಹಳದಿಯಾಗುತ್ತೆ. ತಿಂಗಳುಗಟ್ಟಲೆ ಎಲ್ಲವೂ ನೀರಿನ ಹಾಗೆ ಬಣ್ಣವಿಲ್ಲದೆ ಉಳಿದವು. ಒಂದು ಮಧ್ಯಾಹ್ನ ಒಂದು ಗುಳಿ ಅರಿಶಿನ ಕಲಸಿದ ಹಾಗೆ ಹಳದಿಯಾಯಿತು. ರೋಗಿ ಬದಲಾದರೂ ಅದೇ ಗುಳಿ, ಅದೇ ಹಳದಿ. ಆರೋಗ್ಯವಂತರ ರಕ್ತ ಹಾಕಿ ನಾಳೆ ಹೋಲಿಸೋಣ, ಅಲ್ಲಿಯವರೆಗೆ ಯಾರಿಗೂ ಹೇಳಬೇಡ ಎಂದರು ಲ್ಯಾಬ್ ನಡೆಸುವ ಮೇಡಂ. ಫೋನ್ ಮಾಡೋಣವೆಂದರೆ ಫೋನಿದ್ದದ್ದು ಸುಬ್ಬಮ್ಮನ ಮನೆಯಲ್ಲಿ. ಚಲಿಸುತ್ತಿದ್ದ ರೈಲಿಗೆ ಓಡಿ ಹತ್ತಿದೆ. ಪಕ್ಕದಲ್ಲಿ ಕೂತಿದ್ದ, ಮಂಚೇನಹಳ್ಳಿಗೆ ಹೊರಟಿದ್ದ ಹೆಂಗಸಿಗೂ ಹೇಳಿಬಿಟ್ಟೆ. ಆಕೆ ಒಳ್ಳೇದಾಯ್ತಮ್ಮ ಎಂದು ಕಡಲೆಕಾಯಿ ಕೊಟ್ಟಳು.

ಮನೆಗೆ ಬಂದವಳೇ, ಸಿಕ್ತು ಎಂದೆ. ಹೊರಗಿನವರು ಯಾರೂ ಅಲ್ಲ, ಒಳಗಿನದೇ ಒಳಗಿನದನ್ನು ಹೊಡೀತಿರೋದು ಎಂದು ಮತ್ತೆ ವಿವರಿಸಿದೆ. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಹಂಗಾದ್ರೆ ಸುಬ್ಬಮ್ಮನ ಕಣ್ಣಲ್ಲ ಅಂತೀಯ?"

"ಅಲ್ಲಮ್ಮ."

"ಮನೆಯೋರದ್ದೇ ಅನ್ನು." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅವಳು ಮೆಷಿನ್ ತುಳಿಯುವಾಗ ಎದುರಿಗೆ ಕೂತು ಓದ್ತಿದ್ದೋಳು ನೀನೇ ಅಲ್ವೇನೇ?"

ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಆದರೆ ಸಂಜೆಗೆ ಸುಬ್ಬಮ್ಮನ ಮನೆಗೆ ಹುರುಳಿಕಾಳು ಸಾರು ಹೋಯಿತು.

ಮರುದಿನ ಹೋಲಿಕೆ. ಲ್ಯಾಬಿನಲ್ಲಿ ಆರೋಗ್ಯವಂತರ ರಕ್ತ ಬೇಕೆಂದಾಗ ಮೊದಲು ತೋಳು ಚಾಚಿದ್ದವಳು ನಾನೇ. ರಾಗಿಮುದ್ದೆಯ ರಕ್ತ ಎಂಬ ಜಂಬ. ಅದನ್ನು ಹಾಕಿದೆವು. ಅದೇ ಗುಳಿ, ರೋಗಿಗಳಿಗಿಂತ ಚೆನ್ನಾಗಿ ಹಳದಿಯಾಯಿತು. ಮಿಕ್ಕವರದ್ದೂ ಹಾಗೇ. ಆ ಪ್ರೋಟೀನು ಎಲ್ಲರ ರಕ್ತಕ್ಕೂ ಅಂಟುತ್ತಿತ್ತು, ಗುರಿ ಅದಾಗಿರಲಿಲ್ಲ.

ಅವತ್ತು ರೈಲಿನಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ. ಮನೆಗೆ ಬಂದರೆ ಅಕ್ಕ ಎಡಗಾಲಲ್ಲೇ ತುಳಿಯುತ್ತಾ ಸುಬ್ಬಮ್ಮನ ರವಿಕೆ ಹೊಲಿಯುತ್ತಿದ್ದಾಳೆ. ಸುಬ್ಬಮ್ಮ ಪಕ್ಕದಲ್ಲಿ ಕೂತು ಗುಂಡಿ ಆರಿಸುತ್ತಿದ್ದಾಳೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಮೆಷಿನ್ ಮೇಲಿದ್ದ ಬಟ್ಟೆಚೂರಲ್ಲಿ ಕಣ್ಣೊರೆಸಿಕೊಂಡಿದ್ದೆ.

"ಅಳಬೇಡ್ವೇ," ಎಂದಳು ಅಕ್ಕ. "ಅದಲ್ಲ ಅಂತ ಗೊತ್ತಾಯ್ತಲ್ಲ. ಬೇರೆ ಗುಳಿ ಇಲ್ವಾ?"

ಇದ್ದವು, ಬೇಕಾದಷ್ಟು. ಅವಳು ಕೇಳಿದ ರೀತಿಗೇ ನನಗೆ ಮತ್ತೆ ಹುರುಪು ಬಂತು. ನಾಳೆ ಯಾವ ತಟ್ಟೆ, ಯಾವ ಪ್ರೋಟೀನು ಎಂದು ಶುರು ಹಚ್ಚಿಕೊಂಡೆ. ಅಮ್ಮ ನಡುವೆ ಬಾಯಿ ಹಾಕಿದಳು.

"ಎಲ್ಲಾರಿಗಿಂತ ಚೆನ್ನಾಗಿ ಹಳದಿ ಬಂದಿದ್ದು ನಿನ್ನ ರಕ್ತದಲ್ಲೇನಾ?"

ಹೌದು ಎನ್ನದೆ ವಿಧಿಯಿರಲಿಲ್ಲ. ಅಮ್ಮ ಎದ್ದು ಮೆಣಸಿನಕಾಯಿ ತಂದು ಅಕ್ಕನನ್ನು ಕೂರಿಸಿದಳು. ಊರವರು, ಕೇರಿಯವರು, ನಾಯಿ, ನರಿ ಎಲ್ಲ ಬಂದು ಹೋದರು. ಪಕ್ಕದವರನ್ನು ಕರೆಯಲಿಲ್ಲ. ಕೊನೆಯಲ್ಲಿ ನನ್ನನ್ನೇ ನೋಡುತ್ತಾ, "ತಂಗಿ ಕಣ್ಣು" ಎಂದು ಒಲೆಗೆ ಹಾಕಿದಳು. ಎಂ.ಎಸ್ಸಿ. ಓದಿದ ನಾನು, ಒಂದು ಕೆಮ್ಮಾದರೂ ಬಂದು ನನ್ನ ಮಾನ ಉಳಿಯಲಿ ಎಂದು ಒಲೆಯ ಕಡೆ ಬಗ್ಗಿ ಉಸಿರೆಳೆದುಕೊಂಡೆ.

ಘಾಟೇ ಬರಲಿಲ್ಲ.