ಕುದುರೆಗಾಗಿ ಸತ್ತ ನಮ್ಮ ಮಾವ

ನಮ್ಮ ಸೋದರಮಾವ ಈವರೆಗೆ ಮೂರು ಸಲ ಸತ್ತಿದ್ದಾರೆ. ಮೂರು ಸಲವೂ ಸತ್ತ ಅರ್ಧ ಗಂಟೆಗೆಲ್ಲ ಕಾಫಿ ಕೇಳಿದ್ದಾರೆ! ಗಾಬರಿಯಾಗಬೇಡಿ, ಹೇಳುತ್ತೇನೆ. ಇದಕ್ಕೆಲ್ಲ ಕಾರಣ ಒಂದು ಕುದುರೆ.

ಮಾವ ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಜನ ಸೈಟು ಕೊಳ್ಳುತ್ತಾರೆ, ಕಾಶಿಗೆ ಹೋಗುತ್ತಾರೆ, ತಪ್ಪಿದರೆ ಸಕ್ಕರೆ ಕಾಯಿಲೆ ತರಿಸಿಕೊಳ್ಳುತ್ತಾರೆ. ಇವರು ಯಾರದೋ ಮದುವೆಗೆ ಹೋದರು. ಅಲ್ಲಿ ಮೆರವಣಿಗೆಗೆ ತಂದಿದ್ದ ಹೆಣ್ಣು ಕುದುರೆ ಪಟಾಕಿ ಸದ್ದಿಗೆ ಬೆದರಿ ಮದುಮಗನನ್ನು ಚರಂಡಿಗೆ ಕೆಡವಿತು. ಕುದುರೆಯವನು ಕೋಲೆತ್ತಿದ, ಮಾವ ಅಡ್ಡ ನಿಂತರು, ಅಲ್ಲೇ ದುಡ್ಡು ಕೊಟ್ಟು ಅದನ್ನು ಕೊಂಡರು. ಮದುವೆಗೆ ಹೋದವರು ತಾಂಬೂಲ ತರುತ್ತಾರೆ, ನಮ್ಮ ಮಾವ ಹೊಸೂರಿನ ಪಕ್ಕದ ಮತ್ತಿಗಿರಿಯ ತಮ್ಮ ಮನೆಗೆ ಕುದುರೆ ತಂದರು. ಅದಕ್ಕೆ ಚೆಲುವಿ ಎಂದು ಹೆಸರಿಟ್ಟರು. ಅತ್ತೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ತಾವೇ ಹುರುಳಿ ನೆನೆಹಾಕಿದರು.

ಎಪ್ಪತ್ತೊಂದು ತುಂಬಿದ ದಿನ ಮಾವ ಒಂದು ಕಳೆಯುವ ಲೆಕ್ಕ ಮಾಡಿದರು. "ಚೆಲುವಿಗೆ ಇನ್ನೂ ಇಪ್ಪತ್ತು ವರ್ಷ ಆಯಸ್ಸೈತೆ. ನನಗೆ ಹತ್ತು ಅಂತಿಟ್ಕೊ. ಉಳ್ದಿದ್ದು ಹತ್ತು. ಆ ಹತ್ತು ವರ್ಷ ಅವ್ಳು ಯಾರ ಮನೇಲಿರ್ಬೇಕು?" ಸ್ವಂತ ಸಾವಿನ ಬಗ್ಗೆ ಇಷ್ಟು ಹುರುಪಿನಿಂದ ಮಾತಾಡುವವರನ್ನು ನಾನು ಬೇರೆ ಕಂಡಿಲ್ಲ. ಮಾರನೆಯ ದಿನವೇ ನನ್ನನ್ನು ಕರೆದುಕೊಂಡು ವಿಲ್ ಬರೆಸಲು ಹೊರಟರು.

ಪತ್ರ ಬರೆಯುವವನು ತಮಿಳಿನವನು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. "ಸಾರ್, ಕುದ್ರೆ ಅಂದ್ರೆ ಚರಾಸ್ತಿ. ಬೀರು, ಮಂಚ, ಕುದ್ರೆ, ಎಲ್ಲಾ ಒಂದೇ ಲೈನಲ್ಲಿ ಬರ್ದುಬಿಡ್ತೀನಿ" ಎಂದ.

"ನಿನ್ನ ಕಂಡ್ರೆ ನಿಮ್ಮನೆ ಬೀರು ಕೆನೆಯುತ್ತೇನಪ್ಪ?" ಎಂದರು ಮಾವ.

ಅವನು ಪೆನ್ನು ಕೆಳಗಿಟ್ಟ. "ಕೋಪ ಮಾಡ್ಕೊಬೇಡಿ ಸಾರ್. ಯಾರ ಹೆಸ್ರಿಗೆ ಬರೀತೀರೋ ಅವರನ್ನ ಮೊದ್ಲು ಕೇಳಿ. ಅವ್ರು ಬೇಡ ಅಂದ್ಬುಟ್ರೆ ಇದು ಬರೀ ಪೇಪರ್ರು."

ಕೇಳಿ ಎಂದರೆ ಮೇಷ್ಟ್ರಾದವರು ಕೇಳುತ್ತಾರೆಯೇ? ಪರೀಕ್ಷೆ ಇಟ್ಟರು! ನಿಯಮ ಸರಳವಾಗಿತ್ತು. ಮೂರು ದಿನ ಮಾವ ಸತ್ತಂತೆ. ಆ ಮೂರು ದಿನ ಕುದುರೆ ಅಭ್ಯರ್ಥಿಯ ಸುಪರ್ದಿಗೆ. ಕುದುರೆಯ ವಿಷಯದಲ್ಲಿ ಸತ್ತವರನ್ನು ಏನೂ ಕೇಳುವಂತಿಲ್ಲ, ಸತ್ತವರು ಏನೂ ಹೇಳುವಂತಿಲ್ಲ.

ಮೊದಲ ಸರದಿ ಮಗನದು. ಮಾವ ಜಗಲಿಯ ಕುರ್ಚಿಯಲ್ಲಿ ಸೂರು ನೋಡುತ್ತಾ ತೀರಿಕೊಂಡರು. "ಸತ್ತೋರು ಒಸಿ ಕಾಲೆತ್ತಿ, ಕಸ ಗುಡಿಸ್ಬೇಕು" ಎಂದರು ಅತ್ತೆ. ಸತ್ತವರು ಕಾಲೆತ್ತಿದರು. ಮಗ ಲಾರಿ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಶಿಸ್ತಿನ ಮನುಷ್ಯ. ಹೊತ್ತಿಗೆ ಸರಿಯಾಗಿ ಮೇವು, ನೀರು, ಎಲ್ಲಕ್ಕೂ ಟಿಕ್ ಹಾಕಿದ. ಎರಡನೆಯ ದಿನ ಶಿಫ್ಟ್ ಮುಗಿಸಿ ಬಂದವನು, ಮೈ ತೊಳೆಸಲು ಚೆಲುವಿಯನ್ನು ಬೈಕುಗಳ ವಾಟರ್ ಸರ್ವಿಸ್ ಅಂಗಡಿಗೆ ನಡೆಸಿಕೊಂಡು ಹೊರಟ. ಜಗಲಿಯ ಮೇಲಿದ್ದ ಶವ ಪಂಚೆ ಎತ್ತಿ ಕಟ್ಟಿಕೊಂಡು ಬೀದಿಗುಂಟ ಓಡಿದ್ದನ್ನು ಮತ್ತಿಗಿರಿಯ ಜನ ಇನ್ನೂ ಮರೆತಿಲ್ಲ. ಮಗ ಫೇಲು.

ಎರಡನೆಯ ಸರದಿ ಡೆಂಕಣಿಕೋಟೆಯ ಕಡೆ ರಾಗಿ ಬೆಳೆಯುವ ಅತ್ತೆಯ ತಮ್ಮನದು. ದನ ಸಾಕಿದ ಕೈ, ಇವನೇ ಸರಿ ಎಂದುಕೊಂಡೆವು. ಮುಸ್ಸಂಜೆಗೆ ಹೊಲಕ್ಕೆ ಆನೆ ಬಂತು. ಅಲ್ಲಿ ಆನೆ ಬಂದರೆ ಪಟಾಕಿ ಹೊಡೆಯುವುದು ವಾಡಿಕೆ. ಆತ ವಾಡಿಕೆಯಂತೆ ಹೊಡೆದ. ಆನೆ ಮೂರು ಹೆಜ್ಜೆ ಹಿಂದೆ ಸರಿಯಿತು, ಚೆಲುವಿ ಮೂರು ಮೈಲಿ! ಸತ್ತವರೇ ಬಸ್ಸು ಹತ್ತಿ ಹೋಗಿ, ಯಾರದೋ ಟೊಮೆಟೊ ತೋಟದಲ್ಲಿ ಹಣ್ಣು ಮೂಸುತ್ತಾ ನಿಂತಿದ್ದ ಅವಳನ್ನು ಹಿಡಿದು ತಂದರು. "ಆನೆ ಓಡಿಸ್ಲಾ, ಕುದ್ರೆ ಹಿಡ್ಕೊಳ್ಲಾ ಭಾವ, ನೀವೇ ಹೇಳಿ" ಎಂದನಂತೆ ಆತ. ಮಾವ ಹೇಳಲಿಲ್ಲ, ನಿಯಮ ನಿಯಮವೇ.

ಉಳಿದವಳು ನಾನು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ, ಕರು ಕಂಡರೂ ರಸ್ತೆ ದಾಟುವವಳು. "ನಿಂಗೆ ಭಯ ಐತಲ್ಲ, ಅದೇ ಒಳ್ಳೇದು. ಭಯ ಇರೋರು ಹುಷಾರಾಗಿರ್ತಾರೆ" ಎಂದರು ಮಾವ. ಇಂಥ ಅರ್ಹತೆಗೆ ಕೆಲಸ ಕೊಟ್ಟವರು ಇವರೊಬ್ಬರೇ ಇರಬೇಕು. ಚೆಲುವಿ ಹೊಸೂರಿನ ನಮ್ಮ ಮನೆಯ ಕಾಂಪೌಂಡಿಗೆ ಬಂದಳು. ನನ್ನ ಗಂಡ ಸ್ಕೂಟರನ್ನು ರಸ್ತೆಗೆ ಸಾಗಿಸಿ, ನನ್ನೊಂದಿಗೂ ಕುದುರೆಯೊಂದಿಗೂ ಮಾತು ಬಿಟ್ಟರು.

ತೀರಿಕೊಂಡ ಹಿರಿಯರು ಕಾಗೆಯಾಗಿ ಬರುತ್ತಾರಂತೆ. ನಮ್ಮ ಮಾವ ಟೌನ್ ಬಸ್ಸಿನಲ್ಲಿ ಬಂದರು. ಟವೆಲ್ ಸುತ್ತಿದ ತಲೆಯೊಂದು ಕಾಂಪೌಂಡಿನ ಆಚೆ ಆಗಾಗ ಎದ್ದು ಮುಳುಗುತ್ತಿತ್ತು. ನಾನೂ ನೋಡದವಳಂತೆ ಇದ್ದೆ.

ಆದರೆ ಚೆಲುವಿ ಮೇವು ಮುಟ್ಟಲಿಲ್ಲ. ಗೇಟಿನ ಕಡೆ ಮುಖ ಮಾಡಿ ನಿಂತವಳು ನಿಂತೇ ಇದ್ದಳು. ನೀರು ಕುಡಿದಳು, ಹುರುಳಿಯನ್ನು ಮೂಸಿಯೂ ನೋಡಲಿಲ್ಲ. ಪಶುವೈದ್ಯರು ಬಂದು ನೋಡಿ, "ಕಾಯಿಲೆ ಏನಿಲ್ಲಮ್ಮ, ಕೊರಗು" ಎಂದು ಹೋದರು. ಎರಡನೆಯ ದಿನ ಬೆಳಿಗ್ಗೆ ನನಗೆ ನಿಜವಾಗಿಯೂ ಭಯವಾಯಿತು, ಈ ಸಲ ಕುದುರೆಯನ್ನು ಕಂಡಲ್ಲ, ಅವಳಿಗೇನಾಗುತ್ತದೋ ಎಂದು. ಹತ್ತಿರ ಹೋಗಿ ಅವಳ ಕೊರಳ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಬೊಗಸೆಯಲ್ಲಿ ಹುರುಳಿ ಹಿಡಿದೆ. "ತಿನ್ನೆ ತಾಯಿ. ಮಾವ ಬತ್ತಾರೆ. ಎಲ್ಲೂ ಹೋಗಿಲ್ಲ, ಬಂದೇ ಬತ್ತಾರೆ" ಎಂದೆ. ಅವಳು ಕಿವಿ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ನನ್ನ ಅಂಗೈಗೆ ತುಟಿ ತಾಗಿತು.

ಗೇಟಿನಾಚೆ ಮಾವ ನಿಂತಿದ್ದರು. ನಾನು ಪಾಸೆನ್ನುತ್ತಾರೆ ಎಂದುಕೊಂಡೆ. ಅವರು ಗೇಟಿನ ಸರಳು ಹಿಡಿದುಕೊಂಡು, ಮೇಷ್ಟ್ರ ದನಿಯಲ್ಲದ ಒಂದು ದನಿಯಲ್ಲಿ, "ನಾನು ನಿಜವಾಗ್ಲೂ ಹೋದ್ಮೇಲೆ ಹಂಗೆ ಹೇಳ್ಬೇಡ ಕಣಮ್ಮ. ನಂಬ್ಕೊಂಡು ಕಾಯ್ತಾಳೆ" ಎಂದರು.

"ಮತ್ತೇನು ಹೇಳ್ಲಿ ಮಾವ?"

ಅವರು ಚೆಲುವಿಯ ಕಡೆ ನೋಡಿದರು. "ಏನೂ ಹೇಳ್ಬೇಡ. ಪಕ್ಕದಲ್ಲಿ ನಿಂತ್ಕೊ, ಅಷ್ಟೇ."

ವಿಲ್ಲಿನಲ್ಲಿ ಈಗ ನನ್ನ ಹೆಸರಿದೆ. ಒಪ್ಪಿಗೆಯ ರುಜು ಹಾಕುವಾಗ ಕಣ್ಣು ಮಂಜಾಗಿ ರುಜು ಗೆರೆಯ ಆಚೆ ಹೋಯಿತು. ಮಾವ ಹೋಗುವುದು ನನಗೆ ಬೇಡ. ಆದರೂ ಆ ದಿನ ಬಂದರೆ ನಾನು ಚೆಲುವಿಯ ಪಕ್ಕದಲ್ಲೇ ನಿಂತಿರುತ್ತೇನೆ. ಅವತ್ತು ನನಗೂ ಯಾರಾದರೂ ಪಕ್ಕದಲ್ಲಿರಬೇಕಲ್ಲ.