ಬಂದೂಕಿನ ದುರ್ಬೀನಿಗೆ ಎಲೆ ಡಿಸೈನು

ಬಣ್ಣ ಹಾಕುವವನ ಹತ್ತಿರ ಜನ ಬರೀ ಬಣ್ಣ ಹಾಕಿಸಿಕೊಳ್ಳಲಿಕ್ಕೆ ಬರುತ್ತಾರೆ ಅಂತ ನೀವು ತಿಳಿದಿದ್ದರೆ ಅದು ತಪ್ಪು. ಯಾವ ಬಣ್ಣ ಅಂತ ತೀರ್ಮಾನ ಮಾಡಿಸಿಕೊಳ್ಳಲಿಕ್ಕೂ ಬರುತ್ತಾರೆ, ಆ ತೀರ್ಮಾನ ತಪ್ಪಿದರೆ ಜಗಳಕ್ಕೂ ಬರುತ್ತಾರೆ. ಬೈಕುಲ್ಲಾದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ನೀರಿನ ತೊಟ್ಟಿಯ ಮೇಲೆ ಡಿಸೈನ್ ಇರುವ ತೆಳು ಹಾಳೆ ತೇಲಿಬಿಟ್ಟು, ಹೆಲ್ಮೆಟ್ಟನ್ನೋ ಬೈಕಿನ ಮಡ್‌ಗಾರ್ಡನ್ನೋ ನಿಧಾನಕ್ಕೆ ಮುಳುಗಿಸಿ ಎತ್ತಿದರೆ ಡಿಸೈನು ಅದಕ್ಕೆ ಅಂಟಿಕೊಂಡು ಬರುತ್ತದೆ. ಇಷ್ಟೇ ನನ್ನ ವಿದ್ಯೆ. ಧಾರವಾಡದಿಂದ ಬಂದು ಇದನ್ನೇ ಮಾಡಿಕೊಂಡು ಇದ್ದೇನೆ. ತಮಾಷೆಗಳು ತಾವಾಗಿಯೇ ಬಾಗಿಲಿಗೆ ಬರುತ್ತವೆ. ಹೋದ ವರ್ಷ ಬಂದದ್ದು ಮಾತ್ರ ಬಂದೂಕಿನ ಹೆಸರು ಹೇಳಿಕೊಂಡು ಬಂತು.

ಜಿಂಕೆಯ ಕಣ್ಣು

ವಿಲೆ ಪಾರ್ಲೆಯಲ್ಲಿ ನನ್ನ ಪರಿಚಯದ ಒಬ್ಬರು ಎಕ್ಸ್‌ಪೋರ್ಟ್ ವ್ಯಾಪಾರಿ ಇದ್ದಾರೆ. ಉಡುಪಿ ಕಡೆಯವರು. ಹಿತ್ತಾಳೆ ಸಾಮಾನು, ಗಾಜಿನ ಸಾಮಾನು ಅಂತ ಏನೇನೋ ಹೊರದೇಶಕ್ಕೆ ಕಳಿಸುವವರು. ಒಂದು ದಿನ ಎರಡು ಕಪ್ಪು ಕೊಳವೆ ತಂದು ನನ್ನ ಮೇಜಿನ ಮೇಲೆ ಇಟ್ಟರು.

"ಬೇಟೆ ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಮಾರಾಯ್ರೆ. ನಮ್ಮಲ್ಲಿ ಬೇಟೆ ಬಂದ್, ಅಲ್ಲಿ ಉಂಟು. ಅಲ್ಲಿನ ಅಂಗಡಿಯವರು ಕೇಳ್ತಿದ್ದಾರೆ, ಹೀಗೇ ಕಪ್ಪು ಕಳಿಸ್ತೀರಾ, ಇಲ್ಲ ಮಿಲಿಟರಿಯವರ ಹಾಗೆ ಎಲೆ ಡಿಸೈನ್ ಹಾಕಿಸ್ತೀರಾ ಅಂತ. ಎಂತ ಹೇಳುವುದು?"

ನನಗೆ ಆಸೆ ಹುಟ್ಟಿತು. ಕಪ್ಪು ಅಂದರೆ ಫ್ಯಾಕ್ಟರಿಯಿಂದಲೇ ಆಗಿ ಬರುತ್ತದೆ, ನನಗೆ ಕೆಲಸವಿಲ್ಲ. ಎಲೆ ಡಿಸೈನು ಅಂದರೆ ಎಲ್ಲವೂ ನನ್ನ ತೊಟ್ಟಿಗೇ ಬರಬೇಕು. ಈಗ ಹೆಲ್ಮೆಟ್ಟುಗಳೆಲ್ಲ ಡಿಸೈನ್ ಹಾಕಿಸಿಕೊಂಡೇ ಪೇಟೆಗೆ ಬರುತ್ತವೆ. ನನ್ನ ತೊಟ್ಟಿಯ ನೀರು ಹಸಿರಾಗಿ ತಿಂಗಳಾಗಿತ್ತು.

"ಎಲಿ ಡಿಸೈನ ಮಾಡಸ್ರಿ. ಜಿಂಕಿಗೆ ಕಾಣೂದಿಲ್ಲ," ಅಂದೆ.

"ನಿಮಗೆ ಹೇಗೆ ಗೊತ್ತು?"

ಸುಳ್ಳು ಹೇಳಲಿಕ್ಕೆ ಬಾಯಿ ಬರಲಿಲ್ಲ. "ನಾ ಜಿಂಕಿ ನೋಡಿದ್ದು ಪ್ರಾಣಿಸಂಗ್ರಹಾಲಯದಾಗ ಒಮ್ಮೆ. ಅದು ಮಲಗಿತ್ರಿ," ಅಂದೆ.

ಅವರೂ ಪ್ರಾಮಾಣಿಕರು. ಅಡುಗೆಮನೆಯ ಜಿರಳೆಯನ್ನು ಕಾಗದದ ಮೇಲೆ ಹತ್ತಿಸಿ ಕಿಟಕಿಯಿಂದ ಹೊರಗೆ ಬಿಡುವ ಮನುಷ್ಯ. ಒಬ್ಬರಿಗೂ ಬೇಟೆ ಗೊತ್ತಿಲ್ಲದ ನಾವಿಬ್ಬರು ಚಹಾ ಕುಡಿಯುತ್ತ, ಬೇಟೆಗಾರರಿಗೆ ಏನು ಒಳ್ಳೆಯದು ಅಂತ ಒಂದು ತಾಸು ಚರ್ಚೆ ಮಾಡಿದೆವು. ಕೊನೆಗೆ ಒಂದಕ್ಕೆ ಡಿಸೈನು ಹಾಕಿ, ಭಾನುವಾರ ಮುಲುಂಡ್‌ನಲ್ಲಿ ನಾನಿರುವ ಹೌಸಿಂಗ್ ಸೊಸೈಟಿಯ ಗಿಡಗಳ ಮಧ್ಯೆ ಎರಡನ್ನೂ ಅಡಗಿಸಿ ಪರೀಕ್ಷೆ ಮಾಡುವುದು ಅಂತಾಯಿತು. ಜಿಂಕೆಯ ಪಾತ್ರ ಯಾರು ಮಾಡಬೇಕು ಅನ್ನುವುದೊಂದು ಬಾಕಿ ಉಳಿಯಿತು.

ಬ್ಯಾಗಿನ ತಪಾಸಣೆ

ಒಂದಕ್ಕೆ ಡಿಸೈನು ಹಾಕಿ ಒಣಗಿಸಿ, ಶನಿವಾರ ಸಂಜೆ ಎರಡೂ ದುರ್ಬೀನುಗಳನ್ನು ಟಿಫಿನ್ ಡಬ್ಬಿಯ ಜೊತೆ ಬ್ಯಾಗಿಗೆ ಹಾಕಿಕೊಂಡು ಲೋಕಲ್ ಹಿಡಿಯಲಿಕ್ಕೆ ಹೊರಟೆ. ಸ್ಟೇಷನ್ನಿನಲ್ಲಿ ಅವತ್ತು ಬ್ಯಾಗ್ ತಪಾಸಣೆ. ಪೊಲೀಸಪ್ಪ ಕೈ ಹಾಕಿ ಕೊಳವೆ ಹೊರಗೆ ತೆಗೆದ.

"ಏನಿದು?"

"ದುರ್ಬೀನು."

"ಯಾತಕ್ಕೆ?"

"ಬಂದೂಕಿಗೆ."

"ಬಂದೂಕು ಎಲ್ಲಿದೆ?"

"ಫಾರಿನ್ನಿನಲ್ಲಿ."

ಇಷ್ಟು ಹಿಂದಿ ಆಡಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ಕೂಡಿಸಿದರು. ಸಾಹೇಬರು ಬಂದರು. ನಾನು ವ್ಯಾಪಾರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಅವರ ಕೈಗೆ ಕೊಟ್ಟೆ. ಈ ಮನುಷ್ಯ ನಿಮಗೆ ಗೊತ್ತೇ ಅಂತ ಸಾಹೇಬರು ಕೇಳಿದರು. ಪೊಲೀಸರು ಅಂತ ಗೊತ್ತಾದ ಕೂಡಲೇ ವ್ಯಾಪಾರಿಯ ದನಿ ಇಳಿಯಿತು. "ಎಲ್ಲೋ ಮುಖ ನೋಡಿದ ಹಾಗೆ ಉಂಟು," ಅಂತ ಹಿಂದಿಯಲ್ಲಿ ಹೇಳಿದರು. ಫೋನಿನಲ್ಲಿ.

ಆಮೇಲೆ ಅವರೇ ಧೈರ್ಯ ತಂದುಕೊಂಡು ಕಾಗದಪತ್ರದ ಫೋಟೋ ಕಳಿಸಿದರು. ಸಾಹೇಬರು ಅದನ್ನು ಓದಿ, ಕುತೂಹಲಕ್ಕೆ ದುರ್ಬೀನು ಕಣ್ಣಿಗೆ ಹಿಡಿದು ಪ್ಲಾಟ್‌ಫಾರ್ಮಿನ ಆ ತುದಿ ನೋಡಿದರು. ನೋಡಿದರು, ನೋಡುತ್ತಲೇ ಇದ್ದರು. ಆ ತುದಿಯಲ್ಲಿ ಪಹರೆಗೆ ನಿಂತಿರಬೇಕಾದ ಇವರ ಪೇದೆ ಬೂಟು ಬಿಚ್ಚಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಮೊಬೈಲ್ ನೋಡಿ ನಗುತ್ತಿದ್ದ. ಸಾಹೇಬರು ದುರ್ಬೀನನ್ನು ನನ್ನ ಕೈಗೆ ಕೊಟ್ಟು, "ಮಾಲು ಚೆನ್ನಾಗಿದೆ, ಹೋಗಿ," ಅಂದು ಆ ಕಡೆ ಬಿರಬಿರನೆ ನಡೆದರು.

ಆ ದುರ್ಬೀನಿನಿಂದ ನಮ್ಮ ದೇಶದಲ್ಲಿ ಆದ ಬೇಟೆ ಅದೊಂದೇ.

ಸೊಸೈಟಿಯ ಗಿಡಗಳು

ಜಿಂಕೆಯ ಪಾತ್ರಕ್ಕೆ ನಮ್ಮ ಬಿಲ್ಡಿಂಗಿನ ನೆಲಮಹಡಿಯ ಕಾಕಾ ಒಪ್ಪಿದರು. ವಿಜಯಪುರದವರು, ರಿಟೈರ್ ಆದ ಮೇಲೆ ದಿನವಿಡೀ ಆ ಗಾರ್ಡನ್ನಿನ ಕಟ್ಟೆಯ ಮೇಲೇ ಇರುವವರು. ಅವರನ್ನು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿ, ವ್ಯಾಪಾರಿಯೂ ನಾನೂ ಎರಡನ್ನೂ ಗಿಡಗಳೊಳಗೆ ಇಟ್ಟು ಬಂದೆವು.

ಕಾಕಾ ತಿರುಗಿದರು, ನಾಲ್ಕು ಹೆಜ್ಜೆ ನಡೆದರು, ಬಗ್ಗಿ ಎಲೆ ಡಿಸೈನಿನ ದುರ್ಬೀನನ್ನು ಎತ್ತಿ ನನ್ನ ಕೈಗಿಟ್ಟರು.

"ಹೆಂಗ ಸಿಕ್ತು ಕಾಕಾ?"

"ಇಷ್ಟ ಹಸರ ಎಲಿ ನಮ್ಮ ಸೊಸೈಟಿಯೊಳಗ ಎಲ್ಲಿ ಐತೊ ತಮ್ಮಾ? ಬಾಜೂಕ ಬಿಲ್ಡಿಂಗ್ ಕೆಡವಾಕತ್ತಾಗಿಂದ ನಮ್ಮ ಗಿಡಕ್ಕೆಲ್ಲ ಸಿಮೆಂಟ್ ಧೂಳ ಕುಂತೈತಿ. ಇದೊಂದ ಜಳಕ ಮಾಡಿದಂಗ ಕಾಣತಿತ್ತು."

ಕಪ್ಪು ದುರ್ಬೀನು ಮಾತ್ರ ಸಿಗಲಿಲ್ಲ. ಕಾಕಾ ಹುಡುಕಿದರು. ಇಟ್ಟವರು ನಾವೇ, ನಾವೂ ಹುಡುಕಿದೆವು. ವ್ಯಾಪಾರಿ ಬಿಳಿ ಪ್ಯಾಂಟಿನಲ್ಲಿ ಮಂಡಿಯೂರಿ ದಾಸವಾಳದ ಬುಡವೆಲ್ಲ ತಡಕಿದರು. ಅಷ್ಟರಲ್ಲಿ ಮಾಲಿ ಸೆಕ್ರೆಟರಿಯ ಮುಂದೆ ನಿಂತು ತಕರಾರು ಹೇಳುತ್ತಿದ್ದದ್ದು ಕೇಳಿಸಿತು. ಗಿಡಕ್ಕೆ ನೀರು ಬಿಡುವ ಕಪ್ಪು ಪೈಪುಗಳ ತುಂಡಿನ ಜೊತೆ ಅವನು ಇದನ್ನೂ ಎತ್ತಿಕೊಂಡು ಹೋಗಿದ್ದ.

"ಸಾಹೇಬ, ಈ ಪೈಪು ಕೆಲಸಕ್ಕೆ ಬರೋದಿಲ್ಲ," ಅನ್ನುತ್ತಿದ್ದ. "ಯಾರೋ ಎರಡೂ ಕಡೆ ಗಾಜು ಜಡಿದಿದ್ದಾರೆ."

ಅಂಗಡಿಯವನ ಮಾತು

ಪರೀಕ್ಷೆಯಲ್ಲಿ ಗೆದ್ದದ್ದು ಕಪ್ಪು. ವ್ಯಾಪಾರಿ ಪ್ಯಾಂಟು ಕೊಡವಿಕೊಳ್ಳುತ್ತ, "ಬೇಜಾರು ಮಾಡ್ಕೊಳ್ಬೇಡಿ ಮಾರಾಯ್ರೆ, ಸುಳ್ಳು ಹೇಳಿ ಮಾಲು ಕಳಿಸುವುದು ನನ್ನಿಂದಾಗುವುದಿಲ್ಲ," ಅಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಎರಡು ದಿನ ಬಿಟ್ಟು ಅವರ ಆಫೀಸಿನಲ್ಲಿ ವಿದೇಶದ ಅಂಗಡಿಯವನ ಜೊತೆ ವಿಡಿಯೋ ಕಾಲ್. ನನ್ನನ್ನೂ ಕೂಡಿಸಿಕೊಂಡರು. ಪರದೆಯ ಮೇಲೆ ಒಬ್ಬ ನರೆತ ಗಡ್ಡದ ಮನುಷ್ಯ. ವ್ಯಾಪಾರಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಕಾಕಾ, ಧೂಳು, ಪೈಪು, ಯಾವುದನ್ನೂ ಬಿಡಲಿಲ್ಲ. ಮೇಜಿನ ಕೆಳಗೆ ನಾನು ಎರಡು ಸಲ ಕಾಲು ತುಳಿದೆ. ಅವರು ಕಾಲನ್ನು ಆಚೆ ಸರಿಸಿಕೊಂಡು ಮುಂದುವರಿಸಿದರು. "ಆದ್ದರಿಂದ ಸರ್, ಜಿಂಕೆಯ ದೃಷ್ಟಿಯಿಂದ ಎಲೆ ಡಿಸೈನು ಬೇಕಾಗಿಲ್ಲ," ಅಂತ ಮುಗಿಸಿದರು.

ಗಡ್ಡದವನು ಹಿಂದೆ ತಿರುಗಿ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಪರದೆಯ ಹತ್ತಿರ ಬಂದು ಮೆಲ್ಲಗೆ ಹೇಳಿದ. ಅವನ ಗಿರಾಕಿಗಳು ಅಡಗಿಸಬೇಕಾದದ್ದು ಜಿಂಕೆಯಿಂದ ಅಲ್ಲವಂತೆ. ಕರೀ ದುರ್ಬೀನು ಮನೆಗೆ ಒಯ್ದರೆ ಹೆಂಡತಿ ಬಾಗಿಲಲ್ಲೇ "ಇದು ಹೊಸದಲ್ಲವೇ?" ಅನ್ನುತ್ತಾಳಂತೆ. ಎಲೆ ಡಿಸೈನಿನದಾದರೆ ಅದೇ ಡಿಸೈನಿನ ಹಳೇ ಕೋಟು, ಹಳೇ ಟೋಪಿ, ಹಳೇ ಚೀಲಗಳ ರಾಶಿಯಲ್ಲಿ ಸೇರಿಹೋಗುತ್ತದಂತೆ. "ಇನ್ನೂರು ಪೀಸು ಕಳಿಸಿ, ಎಲ್ಲಾ ಎಲೆ ಡಿಸೈನು," ಅಂದು ಕಾಲ್ ಮುಗಿಸಿದ.

ನನ್ನ ತೊಟ್ಟಿಯ ನೀರು ಬದಲಾಯಿತು. ಇನ್ನೂರೂ ಮುಳುಗಿಸಿ, ಎತ್ತಿ, ಒಣಗಿಸಿ ಕಳಿಸಿದೆ. ಕೊನೆಯ ಪೆಟ್ಟಿಗೆ ಹೋದ ಮರುದಿನ ವ್ಯಾಪಾರಿ ಒಬ್ಬರೇ ವರ್ಕ್‌ಶಾಪಿಗೆ ಬಂದರು. ಬಾಗಿಲು ಅರ್ಧ ಎಳೆದು, ಜೇಬಿನಿಂದ ಎರಡು ಮೊಬೈಲ್ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಹಳೆಯದು, ನೀಲಿ. ಇನ್ನೊಂದು ಹೊಚ್ಚ ಹೊಸದು, ಬಂಗಾರದ ಬಣ್ಣದ್ದು.

"ಹೊಸದಕ್ಕೆ ಹಳೆಯದರ ಬಣ್ಣ ಆಗ್ಬೇಕು ಮಾರಾಯ್ರೆ," ಅಂದರು.

"ಆಗತೈತಿ ಬಿಡ್ರಿ."

ಅವರು ಹಳೇ ಫೋನನ್ನು ತಿರುಗಿಸಿ, ಅದರ ಮೂಲೆಯಲ್ಲಿದ್ದ ಉದ್ದನೆಯ ಗೀರನ್ನು ಬೆರಳಿನಿಂದ ತೋರಿಸಿದರು.

"ಈ ಗೀರೂ ಬರ್ಬೇಕು. ಬೀಳಿಸಿದ್ದು ನನ್ನ ಹೆಂಡತಿಯೇ, ಅವಳಿಗೆ ಗೊತ್ತುಂಟು."